ಆರು ಗಂಟೆಗೆ ಬರುವ ಅಕ್ಕ

ನನಗೆ ಬರುತ್ತಿದ್ದದ್ದು ಒಂದೇ ವಿದ್ಯೆ, ಬೇರೆಯವರ ದನಿ ತೆಗೆಯುವುದು. ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಆರು ಮನೆ, ಒಂದು ನಲ್ಲಿ. ನಲ್ಲಿ ಕೆಳಗೆ ಕೊಡ ಇಟ್ಟವರೆಲ್ಲ ಒಂದಲ್ಲ ಒಂದು ದಿನ ನನ್ನ ಬಾಯಿಗೆ ಬಿದ್ದವರೇ. ಓನರಮ್ಮ ನೀರಿಗಾಗಿ ಬಯ್ಯುವುದನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದೆನೆಂದರೆ, ಒಂದು ಬೆಳಿಗ್ಗೆ ಕಕ್ಕಸಿನಲ್ಲಿ ಕೂತು ಸುಮ್ಮನೆ ತಮಾಷೆಗೆ "ಯಾರೇ ಅದು, ಎರಡನೇ ಕೊಡ ಇಟ್ಟಿರೋದು?" ಎಂದಾಗ ನಮ್ಮಮ್ಮನೇ ಕೊಡ ಎತ್ತಿಕೊಂಡು ಓಡಿದ್ದಳು. ಆಮೇಲೆ ಅದೇ ಕೊಡ ನನ್ನ ಬೆನ್ನ ಮೇಲೆ ಬಿತ್ತು.

ಕಾಲೇಜಿನಲ್ಲಿ ನನ್ನದು ದೊಡ್ಡ ಪಟ್ಟಿಯೇ ಇತ್ತು. ನಸ್ಯ ಏರಿಸುವ ಲೆಕ್ಕದ ಮೇಷ್ಟ್ರು, ರೇಡಿಯೋದಲ್ಲಿ ವಾರ್ತೆ ಓದುವವರು, ಕಲಾಸಿಪಾಳ್ಯದ ಬಸ್ ಕಂಡಕ್ಟರು. ಪಟ್ಟಿಯ ಕೊನೆಗೆ ಚಪ್ಪಾಳೆಗೆಂದೇ ಇಟ್ಟುಕೊಂಡ 'ಹುಚ್ಚಾಸ್ಪತ್ರೆ ಐಟಂ.' ಅದರಲ್ಲಿ ನಾಲ್ಕು ಜನ ಹುಚ್ಚರು, ಒಬ್ಬ ಡಾಕ್ಟರು, ಐದೂ ನಾನೇ. ಕಡೆಗೆ ಡಾಕ್ಟರನ್ನೇ ಒಳಗೆ ಹಾಕಿ ಬೀಗ ಹಾಕುತ್ತಾರೆ. ನಿಜವಾದ ಹುಚ್ಚಾಸ್ಪತ್ರೆಯ ಕಾಂಪೌಂಡ್ ಗೋಡೆ ಬಿಟ್ಟರೆ ನಾನು ಬೇರೇನೂ ಕಂಡವನಲ್ಲ. ಅಡ್ಡಿ ಏನಿಲ್ಲ, ನಕ್ಕವರೂ ಕಂಡಿರಲಿಲ್ಲ.

ಮನೆಯಲ್ಲಿ ನನ್ನ ದೊಡ್ಡ ಗಿರಾಕಿ ಅಜ್ಜಿ, ಅಪ್ಪನ ತಾಯಿ. ಮಾಗಡಿ ಕಡೆಯವಳು, ಹೊಲ ಬಿಟ್ಟು ಮಗನ ಹಿಂದೆ ಪೇಟೆಗೆ ಬಂದವಳು. ಎರಡು ಕಣ್ಣಿಗೂ ಪೊರೆ ಬಂದು, ಬೆಳಕು ಯಾವುದು ಕತ್ತಲೆ ಯಾವುದು ಅನ್ನುವಷ್ಟು ಮಾತ್ರ ಉಳಿದಿತ್ತು. ಬಾಗಿಲ ಪಕ್ಕದ ಗೋಡೆಗೆ ಒರಗಿ, ಕಾಲು ಚಾಚಿ, ಇಡೀ ದಿನ ಕೂತಿರುತ್ತಿದ್ದಳು. ಅವಳ ಮುಂದೆ ನಾನು ನಾನಾಗಿ ಬಂದದ್ದೇ ಕಮ್ಮಿ. ಪೋಸ್ಟ್‌ಮ್ಯಾನ್ ಆಗಿ ಬರುತ್ತಿದ್ದೆ, ಸೊಪ್ಪಿನವಳಾಗಿ ಬರುತ್ತಿದ್ದೆ. ಹೆಚ್ಚಾಗಿ ಬಸ್ ಕಂಡಕ್ಟರಾಗಿ "ಮುಂದೆ ಹೋಗಿ, ಮುಂದೆ ಹೋಗಿ, ರೈಟ್!" ಅಂತ ಬರುತ್ತಿದ್ದೆ. "ಬಂದ ಕಂಡಕ್ಟ್ರು" ಅಂತ ಅಜ್ಜಿ ಬಾಯಿತುಂಬ ನಗುವಳು. ಅವಳ ಮಟ್ಟಿಗೆ ನನ್ನ ದನಿ ಎಂದರೆ ಅದೇ.

ಯಾವತ್ತೂ ಮೋಸ ಹೋಗದವಳು ನನ್ನಕ್ಕ ಒಬ್ಬಳೇ. ನನಗಿಂತ ಐದು ವರ್ಷ ದೊಡ್ಡವಳು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಆಪರೇಟರ್. ದಿನವಿಡೀ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಹುಬ್ಬಳ್ಳಿಗೆ, ಮದ್ರಾಸಿಗೆ, ಬೊಂಬಾಯಿಗೆ ಲೈನು ಕೊಡುತ್ತಿದ್ದಳು. ನಾನು ಬಾಗಿಲ ಹಿಂದಿನಿಂದ ಯಾರ ದನಿ ತೆಗೆದರೂ "ಸಾಕು ಬಿಡೋ, ನೀನೇ" ಅನ್ನುವಳು.

"ಹೆಂಗೆ ಗೊತ್ತಾಯ್ತೇ?"

"ಗಂಟಲು ಸರಿ ಇದೆ, ಉಸಿರು ನಿಂದು. ಜನ ಎಲ್ಲಿ ಉಸಿರು ತಗೋತಾರೆ ಅಂತ ಕೇಳಿಸ್ಕೊಳ್ಳೋದು ಕಲಿ, ಮಂಗ."

ಕಲಿತೆ. ಕಲಿತು ಏನು ಮಾಡಿದೆ ಅನ್ನುವುದನ್ನೇ ಈಗ ಬರೆಯುತ್ತಿರುವುದು.

ಎಪ್ಪತ್ತರ ದಶಕದ ಶುರುವಿನ ಮಾತು. ಲೈನಿನಲ್ಲಿ ಜನ ತನ್ನ ವಿಷಯ ಆಡಿಕೊಳ್ಳುತ್ತಾರೆ ಎಂದು ಅಕ್ಕ ಮೊದಲು ಅಮ್ಮನಿಗೆ ಹೇಳಿದಳು. "ಆಡ್ಕೊಂಡ್ರೆ ಆಡ್ಕೊಳ್ಳಲಿ ಬಿಡು" ಅಂದಳು ಅಮ್ಮ. ಆಮೇಲೆ ಹೆಡ್‌ಫೋನ್ ತೆಗೆದಿಟ್ಟರೂ ಆ ದನಿಗಳು ನಿಲ್ಲಲಿಲ್ಲ. ಅಕ್ಕ ಕಿವಿಗೆ ಹತ್ತಿ ತುರುಕಿಕೊಂಡು ಊಟಕ್ಕೆ ಕೂರುವಳು, ಒಂದು ತುತ್ತು ಮುದ್ದೆ ಮುರಿದು ಹಾಗೇ ಕೈಯಲ್ಲಿ ಹಿಡಿದುಕೊಂಡಿರುವಳು. ಕೆಲಸಕ್ಕೆ ಹೋಗುವುದು ನಿಂತಿತು. ನಾಲ್ಕು ದಿನ ನಡುಮನೆಯ ಬಾಗಿಲು ಹಾಕಿಕೊಂಡು ಕೂತಳು. ದೇವರು, ತಾಯಿತ, ಹೋಮಿಯೋಪತಿ ಎಲ್ಲ ಆಯಿತು.

ಆಗೆಲ್ಲ ಆ ಆಸ್ಪತ್ರೆಗೆ ಯಾರೂ ತಾವಾಗಿ ಹೋಗಿ ಸೇರಿದ್ದನ್ನು ನಾವು ಕೇಳಿರಲಿಲ್ಲ. ದಾರಿ ಒಂದೇ ಎಂದು ಅಪ್ಪನ ಆಫೀಸಿನ ಯಾರೋ ಹೇಳಿಕೊಟ್ಟರು. ಮನೆಯವರು ಅರ್ಜಿ ಕೊಡಬೇಕು, ಇಬ್ಬರು ಡಾಕ್ಟರು ಬರೆದುಕೊಡಬೇಕು, ಮ್ಯಾಜಿಸ್ಟ್ರೇಟರ ಆರ್ಡರ್ ಆಗಬೇಕು, ಜೊತೆಗೆ ಒಬ್ಬ ಪೇದೆ ಬರುತ್ತಾನೆ. ಜೇಬುಗಳ್ಳನನ್ನು ಒಳಗೆ ಹಾಕುವುದಕ್ಕೂ ಇಷ್ಟು ಸಹಿ ಬೇಕಿರಲಿಲ್ಲವೇನೋ. ಅಪ್ಪ ಖಜಾನೆ ಆಫೀಸಿನ ಗುಮಾಸ್ತರು, ಕಾಗದಪತ್ರ ಅವರಿಗೆ ನೀರು ಕುಡಿದ ಹಾಗೆ. ಆ ಅರ್ಜಿಯನ್ನು ಮಾತ್ರ ಮೂರು ಸಲ ಬರೆದು ಹರಿದರು.

ಆ ದಿನ ಅಮ್ಮ ಅಕ್ಕನಿಗೆ, "ಮಲ್ಲೇಶ್ವರದ ದೇವಸ್ಥಾನಕ್ಕೆ ಹೋಗಿ ಅರ್ಚನೆ ಮಾಡಿಸ್ಕೊಂಡು ಬರೋಣ ಬಾರೆ" ಅಂದಳು. ಅಕ್ಕ ತಲೆ ಬಾಚಿಕೊಂಡು ಹೊರಟಳು. ಟ್ಯಾಕ್ಸಿಯ ಮುಂದಿನ ಸೀಟಿನಲ್ಲಿ ಪೇದೆ ಬಿಳಿ ಷರ್ಟು ತೊಟ್ಟು, ಪಂಚೆ ಉಟ್ಟು ಕೂತಿದ್ದ. ಮಫ್ತಿಯಂತೆ. ಆದರೆ ಕಾಲಲ್ಲಿ ಇಲಾಖೆಯ ಬೂಟು ಹಾಗೇ ಇತ್ತು. ಅಕ್ಕ ಹತ್ತುವಾಗ ಅದನ್ನೇ ನೋಡಿದಳು.

"ದೇವಸ್ಥಾನಕ್ಕೆ ಬೂಟು ಹಾಕ್ಕೊಂಡು ಬರ್ತಾರಾ?" ಎಂದು ಮೆಲ್ಲಗೆ ನನ್ನನ್ನೇ ಕೇಳಿದಳು.

ಕಿಟಕಿ ಆಚೆ ನೋಡಿದೆ. ಮಲ್ಲೇಶ್ವರದ ಕಡೆ ತಿರುಗಬೇಕಾದಲ್ಲಿ ಗಾಡಿ ತಿರುಗಲಿಲ್ಲ.

ಆಸ್ಪತ್ರೆಯಲ್ಲಿ ಅರ್ಧ ಗಂಟೆಯ ಕೆಲಸ. ಪೇದೆ ಆರ್ಡರ್ ಕೊಟ್ಟ, ಅಪ್ಪ ಸಹಿ ಮಾಡಿದರು, ಅಕ್ಕನ ಓಲೆ ಬಳೆ ಬಿಚ್ಚಿ ಕರವಸ್ತ್ರದಲ್ಲಿ ಕಟ್ಟಿ ಅಮ್ಮನ ಕೈಗೆ ಕೊಟ್ಟರು. ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ. ಆದರೆ ಯಾರೂ ಅಕ್ಕನನ್ನು ಒಂದು ಮಾತೂ ಕೇಳಲಿಲ್ಲ. ತಿಂಗಳ ಸಂಬಳ ಎಣಿಸಿ ರಿಜಿಸ್ಟರಿನಲ್ಲಿ ಸಹಿ ಹಾಕುತ್ತಿದ್ದ ಹುಡುಗಿ, ಅವಳ ಸಹಿ ಆ ಕಾಗದಗಳಲ್ಲಿ ಎಲ್ಲೂ ಬೇಕಾಗಲಿಲ್ಲ. ಮನೆಯವರು ಒಳಗೆ ಇರುವ ಹಾಗಿರಲಿಲ್ಲ. ನೋಡುವುದಕ್ಕೆ ವಾರಕ್ಕೊಂದು ದಿನ. ಅವಳು ಓಣಿಯಂಥ ವರಾಂಡದಲ್ಲಿ ನಡೆದುಹೋದಳು, ತಿರುಗಿ ನೋಡಲಿಲ್ಲ.

ಮನೆಗೆ ಬಂದಾಗ ಸಂಜೆ. ಅಜ್ಜಿಗೆ ಏನೂ ಹೇಳಿರಲಿಲ್ಲ. ಅವಳ ಜೀವವೆಲ್ಲ ಮೊಮ್ಮಗಳ ಮೇಲೆ, ಕೇಳಿದರೆ ಎದೆ ಒಡೆದುಕೊಂಡಾಳು ಅಂತ ಅಪ್ಪನಿಗೆ ಭಯ. ಅಕ್ಕ ಡ್ಯೂಟಿ ಮುಗಿಸಿ ಬರುತ್ತಿದ್ದದ್ದು ಆರು ಗಂಟೆಗೆ. ಆರಾದಾಗ ಅಜ್ಜಿ ಬಾಗಿಲ ಕಡೆ ಮುಖ ಮಾಡಿ, "ಮಗಿ ಬರ್ನಿಲ್ವಾ?" ಅಂದಳು. "ಈವತ್ತಾದ್ರೂ ಡೂಟಿಗೆ ಹೋದ್ಲು ತಾನೆ? ಯಾಕ್ ಬರ್ನಿಲ್ಲ?" ಅಂದಳು. ಗೋಡೆ ಹಿಡಿದುಕೊಂಡು ಏಳಲು ನೋಡಿದಳು.

ನಾನು ಎದ್ದು ಹೊಸಿಲ ಆಚೆ ಹೋಗಿ, ಅಕ್ಕನ ಹಳೇ ಚಪ್ಪಲಿಯಲ್ಲಿ ಅರ್ಧರ್ಧ ಕಾಲು ತೂರಿಸಿ, ಎರಡು ಹೆಜ್ಜೆ ಸಪ್ಪಳ ಮಾಡಿ, ಅವಳು ಉಸಿರು ತೆಗೆದುಕೊಳ್ಳುವ ಕಡೆಯೇ ಉಸಿರು ತೆಗೆದುಕೊಂಡು, "ಬಂದೆ ಕಣಜ್ಜೀ" ಅಂದೆ.

"ಬಂದ್ಯೇನವ್ವಾ! ಹೋಗು, ಕೈಕಾಲ್ ತೊಳ್ಕೊ."

ಅಪ್ಪ ಗೋಡೆ ಕಡೆ ತಿರುಗಿಕೊಂಡರು. ಅಮ್ಮ ನನ್ನನ್ನು ಬಯ್ಯುತ್ತಾಳೆ ಎಂದುಕೊಂಡಿದ್ದೆ. ಮಾರನೆಯ ದಿನ ಆರಕ್ಕೆ ಐದು ನಿಮಿಷ ಇರುವಾಗ ಅಮ್ಮನೇ ಒಲೆ ಮುಂದಿನಿಂದ ನನಗೆ ಕಣ್ಣು ಸನ್ನೆ ಮಾಡಿದಳು.

ಹೀಗೆ ಏಳು ತಿಂಗಳು. ಆರು ಗಂಟೆಗೆ ಮುಂದಿನ ಬಾಗಿಲಿಂದ ಅಕ್ಕನಾಗಿ ಬರುವುದು. "ಇವತ್ತು ಯಾವೂರಿಗವ್ವ ಲೈನ್ ಕೊಟ್ಟೆ?" ಎಂದು ಅಜ್ಜಿ ಕೇಳುವಳು, ದಿನಕ್ಕೊಂದು ಊರು, ಊರಿಗೊಂದು ಕತೆ ಹೇಳುವುದು. ಬೊಂಬಾಯಿಯ ಸೇಟು ಮೂರು ನಿಮಿಷಕ್ಕೆ ದುಡ್ಡು ಕಟ್ಟಿ ಮೂರೂ ನಿಮಿಷ ಹಲೋ ಹಲೋ ಅಂದಿದ್ದು, ಹೀಗೆ ಏನಾದರೂ. ಆಮೇಲೆ ಬಚ್ಚಲಿಗೆ ಹೋದ ಹಾಗೆ ಮಾಡಿ, ಹಿತ್ತಲಿಂದ ಸುತ್ತಿ ಬಂದು "ರೈಟ್ ರೈಟ್!" ಅಂತ ಕಂಡಕ್ಟರಾಗುವುದು. ಇಬ್ಬರು ಮೊಮ್ಮಕ್ಕಳೂ ಮನೆ ಸೇರಿದರು ಅಂತ ಅಜ್ಜಿ ನೆಮ್ಮದಿಯಾಗಿ ಮುದ್ದೆ ನುಂಗುವಳು. ನಾನು ಮೂಲೆಯಲ್ಲಿ ಕೂತು ಉಣ್ಣುತ್ತಿದ್ದೆ. ಆ ಹೊತ್ತಿನಲ್ಲಿ ಮನೆಗೆ ಬಾರದೆ ಉಳಿದವನು ನಾನೊಬ್ಬನೇ ಅನ್ನಿಸುತ್ತಿತ್ತು. ಗೆಳೆಯರಿಗೆ ಹೇಳುವ ಹಾಗಿಲ್ಲ. ಕಾಲೇಜಿನಲ್ಲಿ "ಮಗಾ, ಹುಚ್ಚಾಸ್ಪತ್ರೆ ಹಾಕೋ" ಅಂದರೆ "ಗಂಟಲು ಕಟ್ಟಿದೆ ಗುರು" ಎಂದು ಜಾರಿಕೊಳ್ಳುತ್ತಿದ್ದೆ. ನಾನು ಒಂದು ಮಾತಾಡಿದರೆ ಹತ್ತು ಜನ ನಗುತ್ತಿದ್ದರು, ಆದರೆ ಮಾತಾಡುವುದಕ್ಕೆ ಒಬ್ಬರೂ ಇರಲಿಲ್ಲ.

ವಠಾರದವರಿಗೆ ಅಮ್ಮ ಬೇರೆ ಕತೆ ಹೇಳಿದ್ದಳು. ಮಗಳಿಗೆ ಹುಬ್ಬಳ್ಳಿಗೆ ಟ್ರಾನ್ಸ್‌ಫರ್ ಆಗಿದೆ ಅಂತ. ಒಂದು ದಿನ ಓನರಮ್ಮ ಅಜ್ಜಿಯನ್ನು "ಮೊಮ್ಮಗಳದ್ದು ಹುಬ್ಬಳ್ಳಿಯಿಂದ ಕಾಗದ ಬಂತಾ?" ಎಂದು ಕೇಳಿದರೆ, ಅಜ್ಜಿ, "ಯಾವ ಉಬ್ಬಳ್ಳಿ? ನೆನ್ನೆ ಸಂಜೀಕೆ ಇಲ್ಲೇ ಕುಂತು ಉಂಡ್ಳಲ್ಲ" ಅಂದುಬಿಟ್ಟಳು. ಆವತ್ತಿನಿಂದ ಅಜ್ಜಿಗೆ ಅರುಳುಮರುಳು ಅಂತ ವಠಾರವೆಲ್ಲ ಮಾತಾಯಿತು. ಅಮ್ಮ ಅಲ್ಲ ಅನ್ನಲಿಲ್ಲ. ಮನೆಯಲ್ಲಿ ಒಬ್ಬರ ತಲೆ ಕೆಟ್ಟಿದ್ದನ್ನು ಮುಚ್ಚಲು ಹೋಗಿ ಇನ್ನೊಬ್ಬರದ್ದು ಕೆಟ್ಟಿದೆ ಅಂತ ನಾವೇ ಹಬ್ಬಿಸಿದೆವು.

ಅಕ್ಕನನ್ನು ನೋಡಲು ಅಪ್ಪ ಪ್ರತಿ ವಾರ ಹೋಗುತ್ತಿದ್ದರು. ನಾನು ಹೋದದ್ದು ಒಂದೇ ಸಲ. ಔಷಧಿಯಿಂದಲೋ ಏನೋ, ಅಕ್ಕನ ದನಿ ದಪ್ಪವಾಗಿ, ನಿಧಾನವಾಗಿ ಬರುತ್ತಿತ್ತು, ನೀರಿನೊಳಗಿಂದ ಮಾತಾಡಿದ ಹಾಗೆ. "ಅಜ್ಜಿ... ಹೆಂಗಿದಾಳೆ?" ಅಂದಳು. ಚೆನ್ನಾಗಿದಾಳೆ ಅಂದೆ. ಆ ಸಂಜೆ ಬಾಗಿಲಲ್ಲಿ ನಿಂತಾಗ ಯಾವ ದನಿ ತೆಗೆಯಬೇಕೋ ತಿಳಿಯದೆ ತಬ್ಬಿಬ್ಬಾದೆ. ಕೊನೆಗೆ ಹಳೆಯದನ್ನೇ ತೆಗೆದೆ. ಮತ್ತೆ ಅಕ್ಕನನ್ನು ನೋಡಲು ಹೋಗಲಿಲ್ಲ. ಪರೀಕ್ಷೆ ಅಂತ ಅಪ್ಪನಿಗೆ ಹೇಳಿದೆ. ನಿಜ ಅದಲ್ಲ. ನಿಜವಾದ ಅಕ್ಕನ ದನಿ ಕೇಳಿದರೆ ನನ್ನ ಅಕ್ಕನ ದನಿ ಕೆಡುತ್ತದೆ ಎಂದು ಹೋಗಲಿಲ್ಲ.

ಅಕ್ಕ ಮನೆಗೆ ಬಂದದ್ದು ಒಂದು ಮಧ್ಯಾಹ್ನ ಮೂರು ಗಂಟೆಗೆ. ಅಪ್ಪನ ಜೊತೆ ಬಂದು ಹೊಸಿಲಲ್ಲಿ ನಿಂತಳು. ಊದಿಕೊಂಡಿದ್ದಳು, ಕೈ ಸಣ್ಣಗೆ ನಡುಗುತ್ತಿತ್ತು. ಅಜ್ಜಿಯ ಮುಂದೆ ಕೂತು, "ಅಜ್ಜೀ... ನಾನು" ಅಂದಳು.

ಅಜ್ಜಿ ಸೆರಗು ಸರಿಮಾಡಿಕೊಂಡಳು. "ಯಾರವ್ವಾ ನೀವು? ಕೂತ್ಕಳಿ. ನಮ್ಮ ಮಗೀನ ನೋಡಕ್ಕೆ ಬಂದ್ರಾ? ಅವ್ಳು ಬರಾದು ಆರ್ ಗಂಟೆಗೆ."

ಅಕ್ಕ ನಮ್ಮೆಲ್ಲರ ಮುಖ ನೋಡಿದಳು. ಅಪ್ಪ "ಇವಳೇ ಕಣವ್ವ" ಎಂದರೆ, "ನಂಗೆ ಕಣ್ಣಿಲ್ಲ ಅಂತ ಆಟ ಆಡ್ಬೇಡ" ಎಂದು ಅಜ್ಜಿ ರೇಗಿದಳು. ಆರಾಯಿತು. ಆರೂವರೆಯಾಯಿತು. ಅಜ್ಜಿ ಬಾಗಿಲ ಕಡೆ ಕಿವಿ ಕೊಟ್ಟು, "ನನ್ ಮಗೀಗೆ ಏನಾಯ್ತು, ಯಾರಾದ್ರೂ ಹೋಗಿ ನೋಡ್ರಪ್ಪಾ" ಎಂದು ಅಳಲು ಶುರುಮಾಡಿದಳು. ಎದೆ ಹಿಡಿದುಕೊಂಡಳು. ಅಮ್ಮ ನನ್ನ ಕಡೆ ನೋಡಿದಳು.

ಮಾಡಬಾರದಿತ್ತು. ಹೊರಗೆ ಹೋದೆ, ಚಪ್ಪಲಿ ಸದ್ದು ಮಾಡಿದೆ, "ಬಂದೆ ಕಣಜ್ಜೀ" ಅಂದೆ.

"ಬಂದ್ಯಾ ನಮ್ಮವ್ವಾ" ಎಂದು ಅಜ್ಜಿ ಕಣ್ಣೊರೆಸಿಕೊಂಡಳು. ಅವಳಿಂದ ಒಂದು ಮಾರು ದೂರದಲ್ಲಿ ಅಕ್ಕ ಕೂತಿದ್ದಳು. ತನ್ನ ದನಿ ತಾನಿಲ್ಲದೆ ಬಾಗಿಲಿಂದ ಒಳಗೆ ಬರುವುದನ್ನು ಕೇಳಿದಳು. ದನಿಗಳ ಕಾಟಕ್ಕೆ ಏಳು ತಿಂಗಳು ಆಸ್ಪತ್ರೆಯಲ್ಲಿದ್ದು ಬಂದವಳಿಗೆ ಮನೆಯವರು ಕೊಟ್ಟ ಸ್ವಾಗತ ಅದು.

ಅವಳು ಎದ್ದು ಒಳಗೆ ಹೋದಳು. ಹೋಗುವಾಗ ನನಗೆ ಮಾತ್ರ ಕೇಳುವ ಹಾಗೆ, "ಉಸಿರೂ ಸರಿ ಇದೆ" ಅಂದಳು.

ಮಾರನೆಯ ದಿನದಿಂದ ನಾನು ನಿಲ್ಲಿಸಿದೆ. ಅಜ್ಜಿಗೆ ಅಕ್ಕನ ಮೊಣಕೈಯ ಹಳೇ ಸುಟ್ಟ ಗಾಯ ಮುಟ್ಟಿಸಿ, ಜ್ವರ ಬಂದು ಗಂಟಲು ಹೋಗಿದೆ ಎಂದು ಹೇಳಿ, ಒಂದು ತಿಂಗಳು ಹೆಣಗಿ ನಂಬಿಸಿದೆವು. ನಂಬಿದಳೋ, ನಮಗೋಸ್ಕರ ಸುಮ್ಮನಾದಳೋ. ಆಮೇಲೂ ಎಷ್ಟೋ ಸಲ ಅಕ್ಕ ನೀರು ತಂದುಕೊಟ್ಟರೆ, "ಇಡಿ, ಕುಡೀತೀನಿ" ಅಂದುಬಿಡುವಳು, ಪರರಿಗೆ ಅಂದ ಹಾಗೆ. ಅಕ್ಕ ಕೆಲಸಕ್ಕೆ ವಾಪಸ್ ಹೋದಳು. ಲೈನಿಗೆ ಕೂರಿಸಲಿಲ್ಲ, ಬಿಲ್ಲಿನ ಸೆಕ್ಷನ್ನಿಗೆ ಹಾಕಿದರು. ಔಷಧಿ ಕಮ್ಮಿಯಾದ ಹಾಗೆ ದನಿ ತಿಳಿಯಾಯಿತು, ಆದರೆ ಸಂಜೆ ಆರಕ್ಕೆ ಬಾಗಿಲಲ್ಲಿ ಕೂಗುವುದನ್ನು ಅವಳು ಬಿಟ್ಟಳು. ಸುಮ್ಮನೆ ಒಳಗೆ ಬರುತ್ತಿದ್ದಳು. ನಾನೂ ಮನೆಯಲ್ಲಿ ಬಾಯಿ ಮುಚ್ಚಿದೆ. ಕಂಡಕ್ಟರು ಕೂಡ ರಿಟೈರಾದ.

ಎಂಟು ವರ್ಷ ಕಳೆಯಿತು. ನಾನು ಅವೆನ್ಯೂ ರಸ್ತೆಯ ಪೇಪರ್ ಅಂಗಡಿಯಲ್ಲಿ ಗುಮಾಸ್ತ. ಒಂದು ಭಾನುವಾರ ಅಕ್ಕ ಹಜಾರಕ್ಕೆ ಬಂದು ಅಂಗೈ ಬಿಚ್ಚಿ ತೋರಿಸಿದಳು. ಹತ್ತಿ.

"ಮತ್ತೆ ಶುರುವಾಗಿದೆ ಕಣೋ. ಈ ಸಲ ದೇವಸ್ಥಾನಕ್ಕೆ ಅನ್ಬೇಡಿ. ನೇರ ಕರ್ಕೊಂಡು ಹೋಗಿ."

ಅಪ್ಪ ಮ್ಯಾಜಿಸ್ಟ್ರೇಟು, ಅರ್ಜಿ ಎಂದು ಹಳೇ ಫೈಲು ಹುಡುಕಲು ಎದ್ದರು. ಅದೇನೂ ಬೇಕಾಗಲಿಲ್ಲ. ಅದೇ ಆಸ್ಪತ್ರೆ, ಅದೇ ಮರಗಳು. ಆದರೆ ಈಗ ಬೆಳಿಗ್ಗೆ ಸಾಲಿನಲ್ಲಿ ನಿಂತು ಚೀಟಿ ಮಾಡಿಸುವುದು, ಜ್ವರಕ್ಕೆ ಬಂದವರ ಹಾಗೆ ಬೆಂಚಿನ ಮೇಲೆ ಕೂರುವುದು. ಪೇದೆ ಇಲ್ಲ, ಬೂಟಿಲ್ಲ. ನನ್ನಷ್ಟೇ ವಯಸ್ಸಿನ ಒಬ್ಬ ಡಾಕ್ಟರಮ್ಮ ಎಲ್ಲ ವಿಚಾರಿಸಿ, "ಕೆಲವು ವಾರ ಇಲ್ಲಿದ್ರೆ ಒಳ್ಳೇದು. ನಿಮಗೆ ಸೇರ್ಕೊಳ್ಳೋಕೆ ಒಪ್ಪಿಗೆ ಇದೆಯಾ?" ಅಂದರು.

ಅಕ್ಕ ಪಕ್ಕಕ್ಕೆ ತಿರುಗಿ ನೋಡಿದಳು, ಯಾರನ್ನು ಕೇಳುತ್ತಿದ್ದಾರೆ ಎಂದು.

"ನಿಮ್ಮನ್ನೇ ಕೇಳ್ತಿರೋದು."

ಅಕ್ಕ "ಹೂಂ" ಅಂದಳು. ಪೆನ್ನು ಅವಳ ಕೈಗೆ ಕೊಟ್ಟರು. ಪೂರ್ತಿ ಹೆಸರು ಬರೆದು ಸಹಿ ಮಾಡಿದಳು, ಇನಿಷಿಯಲ್ ಸಮೇತ. ಇನ್ನೊಂದು ವಿಷಯ ಹೇಳಿದರು: ಈಗ ಮನೆಯವರು ಒಬ್ಬರು ಜೊತೆಯಲ್ಲೇ ಇರಬೇಕು. ಅದಕ್ಕೇ ಬೇರೆ ವಾರ್ಡು, ರೋಗಿಗೊಂದು ಮಂಚ, ಜೊತೆಗಿರುವವರಿಗೊಂದು ಚಾಪೆ. ಮುಂಚೆ ಒಳಗೇ ಬಿಡದವರು ಈಗ ಆಚೆ ಹೋಗಬೇಡಿ ಅನ್ನುತ್ತಿದ್ದರು.

ಅಮ್ಮನಿಗೆ ಮಂಡಿನೋವು. "ನಾನಿರ್ತೀನಿ" ಅಂದೆ.

ಪಾತ್ರೆ ಬಟ್ಟೆ ತರಲು ಮನೆಗೆ ಬಂದೆವು. ಅಜ್ಜಿಗೆ ಏನು ಹೇಳುವುದು ಎಂದು ಅಮ್ಮ ಪಿಸುಗುಡುತ್ತಲೇ ಇದ್ದಳು. ಅಕ್ಕ ಹೋಗಿ ಅಜ್ಜಿಯ ಎದುರು ಕೂತುಬಿಟ್ಟಳು.

"ಅಜ್ಜೀ, ನನ್ನ ತಲೆ ಸರಿ ಇಲ್ಲ. ಆಸ್ಪತ್ರೆಗೆ ಹೋಗ್ತಿದೀನಿ. ಹಿಂದೆ ಒಂದ್ಸಲ ಹೋಗಿದ್ದೆ, ಏಳು ತಿಂಗಳು. ನಿನಗೆ ಹೇಳಿರಲಿಲ್ಲ."

ಅಜ್ಜಿ ಅವಳ ಮುಖವನ್ನೆಲ್ಲ ಕೈಯಿಂದ ಸವರಿದಳು. ಅಳಲಿಲ್ಲ, ಎದೆ ಹಿಡಿದುಕೊಳ್ಳಲಿಲ್ಲ. ಇಷ್ಟಕ್ಕೇ ನಾವು ಹೆದರಿದ್ದು.

"ಎಷ್ಟ್ ದಿನ?"

"ಮೂರು ವಾರ ಅಂತಾರೆ."

ಅಜ್ಜಿ ಬಾಗಿಲ ಕಡೆ ಮುಖ ತಿರುಗಿಸಿದಳು. "ಅಂಗಾರೆ ಆರ್ ಗಂಟೆಗೆ ಯಾರ್ ಬತ್ತಾರೆ?"

ಅಕ್ಕ ನನ್ನನ್ನು ನೋಡಿಕೊಂಡೇ ಹೇಳಿದಳು: "ಯಾರೂ ಬರಲ್ಲ ಅಜ್ಜಿ. ನಾನು ಬರೋತಂಕ ಯಾರೂ ಬರಲ್ಲ."

ವಾರ್ಡಿನಲ್ಲಿ ನಾನು ಸೀಮೆಎಣ್ಣೆ ಸ್ಟವ್ ಹಚ್ಚಿ ಅನ್ನ ಸಾರು ಮಾಡುವುದು ಕಲಿತೆ, ಮಾತ್ರೆ ಎಣಿಸುವುದು ಕಲಿತೆ. ನಾಲಿಗೆ ಅಷ್ಟು ಬೇಗ ಸುಮ್ಮನಿರುತ್ತದೆಯೇ? ಎರಡನೇ ವಾರಕ್ಕೆ ದೊಡ್ಡ ಡಾಕ್ಟರ ಕೆಮ್ಮು, ಆಯಾಳ ಬೈಗುಳ ಎಲ್ಲ ತೆಗೆದು ಪಕ್ಕದ ಮಂಚಗಳವರನ್ನು ನಗಿಸಿದೆ. ಗಂಡನ ಜೊತೆ ಬಂದಿದ್ದ ಒಬ್ಬ ಹೆಂಗಸು, "ನಿಮ್ಮಕ್ಕನ ದನಿ ಮಾಡಿ ನೋಡಾಣ" ಅಂದಳು.

"ಅದೊಂದು ಬರಲ್ಲಮ್ಮ" ಅಂದೆ.

ಅಕ್ಕ ಗೋಡೆ ಕಡೆ ತಿರುಗಿ ಮಲಗಿದ್ದಳು. ಅವಳ ಬೆನ್ನು ನೋಡುತ್ತಾ ಕೂತೆ. ಸಂಜೆ ಆರು ಗಂಟೆ ಅಲ್ಲೂ ಆಗುತ್ತಿತ್ತು. "ಅಜ್ಜಿ ಈಗ ಬಾಗಿಲ ಕಡೆ ನೋಡ್ತಿರ್ತಾಳೆ" ಎಂದು ಅಕ್ಕ ಒಂದು ದಿನ ಅಂದಳು. ನಾನು ಹೂಂ ಅಂದೆ. ಒಂದೇ ಕೋಣೆಯಲ್ಲಿ ಇಪ್ಪತ್ತೆರಡು ದಿನ ಇದ್ದೆವು. ಕೇಳಬೇಕಾದ ಕ್ಷಮೆಯನ್ನು ಯಾರ ದನಿಯಲ್ಲಿ ಕೇಳಬೇಕೋ ಗೊತ್ತಾಗದೆ, ನಾನು ಕೇಳಲೇ ಇಲ್ಲ.

ಬಿಡುಗಡೆಯಾದ ದಿನ ಆಟೋ ವಠಾರ ಮುಟ್ಟಿದಾಗ ಐದೂಮುಕ್ಕಾಲು. "ಇರು" ಅಂದಳು ಅಕ್ಕ. ಗಂಟು ಹಿಡಿದುಕೊಂಡು ನಲ್ಲಿ ಹತ್ತಿರ ಕಾಲು ಗಂಟೆ ನಿಂತೆವು. ಓನರಮ್ಮ ಕಿಟಕಿಯಿಂದ ಇಣುಕಿ, "ಮತ್ತೆ ಹುಬ್ಬಳ್ಳಿಯಿಂದಾನಾ?" ಅಂದರು. "ಇಲ್ಲ ಕಣ್ರೀ, ಆಸ್ಪತ್ರೆಯಿಂದ" ಎಂದಳು ಅಕ್ಕ. ಕಿಟಕಿ ಮುಚ್ಚಿತು.

ಆರಕ್ಕೆ ಹೊಸಿಲ ಹತ್ತಿರ ಹೋದಳು. ಅವಳ ದನಿ ಮತ್ತೆ ದಪ್ಪಗಾಗಿತ್ತು, ನಿಧಾನವಾಗಿತ್ತು. ಅದೇ ದನಿಯಲ್ಲಿ, "ಬಂದೆ... ಕಣಜ್ಜೀ" ಅಂದಳು.

ಒಳಗೆ ಅಜ್ಜಿ ಚಾಚಿದ ಕಾಲು ಮಡಚಿಕೊಂಡು ಬಾಗಿಲ ಕಡೆ ಕಿವಿ ಕೊಟ್ಟಳು.

"ಬಂದ್ಯಾ" ಅಂದಳು ಅಜ್ಜಿ. "ಮೂರ್ ವಾರ ಅಂದೋಳು ಒಂದಿನ ಜಾಸ್ತಿ ಮಾಡ್ದೆ. ಹೋಗು, ಕೈಕಾಲ್ ತೊಳ್ಕೊ."

ಅಕ್ಕ ಅಲ್ಲೇ ಹೊಸಿಲ ಮೇಲೆ ಕೂತುಬಿಟ್ಟಳು. ಕೈಕಾಲು ತೊಳೆಯಲು ಹೋಗಲಿಲ್ಲ.

"ಜೊತೇಲಿ ಇನ್ಯಾರೋ ಅವ್ರಲ್ಲ?" ಅಂದಳು ಅಜ್ಜಿ.

ಕಂಡಕ್ಟರ್ ನಾಲಿಗೆ ತುದಿಗೆ ಬಂದ. ತಡೆದೆ. "ನಾನೇ ಅಜ್ಜಿ" ಅಂದೆ, ಏನೂ ಸೇರಿಸದೆ. ನನಗೇ ಆ ದನಿ ಸಪ್ಪೆ ಅನ್ನಿಸಿತು, ಉಪ್ಪು ಮರೆತ ಸಾರಿನ ಹಾಗೆ.

ಅಜ್ಜಿ ಸೆರಗು ಸರಿಮಾಡಿಕೊಂಡಳು. "ಯಾರು ಸ್ವಾಮಿ ನೀವು? ಬನ್ನಿ, ಕೂತ್ಕಳಿ."

ಅಕ್ಕ ನಕ್ಕಳು. ಎಂಟು ವರ್ಷಕ್ಕೆ ಮೊದಲ ಸಲ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. "ಕೂತ್ಕೊಳ್ಳಿ ಸ್ವಾಮಿ, ಕೂತ್ಕೊಳ್ಳಿ" ಎಂದು ಅವಳೂ ಸೇರಿಕೊಂಡಳು.

ಗಂಟನ್ನು ಕೆಳಗಿಟ್ಟು, ಹೊಸದಾಗಿ ಮನೆಗೆ ಬಂದವರು ಕೂರುವ ಹಾಗೆ, ಚಾಪೆಯ ತುದಿಯಲ್ಲಿ ಕೂತೆ.